ಔಷಧ ಹಾಕಿ ಕೂಡಿಸಿದ ಅರ್ಧ ತಾಸು

ಕಣ್ಣಿಗೆ ಹನಿ ಹಾಕಿದ ಮೇಲೆ ಪಾಪೆ ಅಗಲವಾಗಲಿಕ್ಕೆ ಅರ್ಧ ತಾಸು ಬೇಕು. ಆ ಅರ್ಧ ತಾಸು ರೋಗಿಗೆ ಮಾಡಲು ಏನೂ ಇರುವುದಿಲ್ಲ. ಹತ್ತಿರದ್ದೆಲ್ಲ ಮಸುಕಾಗುತ್ತದೆ, ಬೆಳಕು ಚುಚ್ಚುತ್ತದೆ, ಪಕ್ಕದಲ್ಲಿ ಕುಳಿತವರ ಮುಖ ಕರಗಿಹೋಗುತ್ತದೆ. ಕೇಳುವವರ ಮುಖ ಕಾಣದಿದ್ದಾಗ ಮನುಷ್ಯ ಎಷ್ಟು ಸಲೀಸಾಗಿ ಮಾತಾಡುತ್ತಾನೆಂಬುದು ನನಗೆ ಗೊತ್ತಾದದ್ದು ಹುಬ್ಬಳ್ಳಿಯ ಒಂದು ಧರ್ಮಾರ್ಥ ಕಣ್ಣಿನ ದವಾಖಾನೆಯ ಉದ್ದನೆಯ ಬೆಂಚಿನ ಮೇಲೆ. ಅಲ್ಲಿ ನಾನು ಮೂವತ್ತನಾಲ್ಕು ವರ್ಷ ನೇತ್ರ ಸಹಾಯಕಿಯಾಗಿದ್ದೆ. ಹನಿ ಹಾಕುವುದು, ಅಕ್ಷರದ ಹಲಗೆ ಓದಿಸುವುದು, ಕನ್ನಡಕದ ನಂಬರು ತೆಗೆಯುವುದು, ಇಷ್ಟೇ ನನ್ನ ಕೆಲಸ.

ನಿವೃತ್ತಳಾಗಿ ಎರಡು ವರ್ಷವಾಯಿತು. ನನ್ನ ಜಾಗಕ್ಕೆ ಬಂದ ಸ್ನೇಹಾ ಎಂಬ ಹುಡುಗಿ ಮೊನ್ನೆ ಫೋನು ಮಾಡಿದಳು. "ಮೇಡಂ, ಈಗೂ ಹಳ್ಳಿ ಮಂದಿ ಬಂದು ಗಿರಿಜಕ್ಕಾರು ಎಲ್ಲಿ ಅಂತ ಕೇಳ್ತಾರ್ರಿ. ನೀವು ಪೇಶಂಟ್ ಜೊತಿ ಏನ್ ಮಾತಾಡ್ತಿದ್ರಿ? ನನಗ ಹೆಂಗ ಸುರು ಮಾಡಬೇಕು ಅನ್ನೋದ ಗೊತ್ತಾಗವಲ್ದು" ಎಂದಳು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯಲು ಕುಳಿತೆ. ನನಗೆ ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಏನು ಹೊಗಳಿದರು ಎಂಬುದು ಯಾರಿಗೂ ಬೇಡ. ನಾನು ಮಾಡಿದ ತಪ್ಪುಗಳು ಬೇಕಾದಾವು. ಇಲ್ಲಿ ಬರುವ ರೋಗಿಗಳ ಹೆಸರು ಮಾತ್ರ ಬದಲಿಸಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮಾತುಗಾರ್ತಿಯಾಗಿರಲಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಜೋರಾಗಿ ನಕ್ಕರೂ ಅವ್ವ ಕಣ್ಣು ಬಿಡುತ್ತಿದ್ದಳು. ಮೊದಲ ದಿನ ಹುಬ್ಬಳ್ಳಿಯ ಬಸ್ಸು ಹತ್ತುವಾಗ ಅವಳು ಹೇಳಿದ್ದು ಒಂದೇ ಮಾತು: "ಗುರುತಿಲ್ಲದವರ ಕೂಡ ಮಾತಾಡಬ್ಯಾಡ." ನಾನು ಸೇರಿದ್ದು ದಿನಾ ಬೆಳಗಾದರೆ ಗುರುತಿಲ್ಲದವರೇ ಬಂದು ಸಾಲಿನಲ್ಲಿ ನಿಲ್ಲುವ ನೌಕರಿಗೆ. ಮೊದಲ ಕೆಲವು ತಿಂಗಳು ನನ್ನ ಬಾಯಿಂದ ಬಂದ ಮಾತು ಮೂರೇ. ಇಲ್ಲಿ ಕೂಡ್ರಿ. ಎಡಗಣ್ಣ ಮುಚ್ಚಿಕೊಳ್ರಿ. ಓದ್ರಿ.

ಹಾಗೆ ಇದ್ದಾಗಲೇ ಶಾಂತವ್ವ ಬಂದರು. ಐವತ್ತರ ಸುಮಾರಿನ ವಯಸ್ಸು, ಕೈತುಂಬ ಹಸಿರು ಬಳೆ, ಬಗಲಲ್ಲಿ ಒಂದು ಗಂಟು. ಹತ್ತಿರದ್ದು ಕಾಣುವುದಿಲ್ಲ ಎಂದರು. ಆ ವಯಸ್ಸಿಗೆ ಎಲ್ಲರಿಗೂ ಆಗುವಂಥದ್ದೇ. ಸಣ್ಣ ಚಿತ್ರಗಳ ಚೀಟಿಯನ್ನು ಅವರ ಮುಖದಿಂದ ಒಂದೂವರೆ ಗೇಣು ದೂರ ಹಿಡಿದು, ಚಿತ್ರ ಗುರುತಿಸಿದ ಕೂಡಲೇ ಕನ್ನಡಕದ ನಂಬರು ಬರೆದುಕೊಟ್ಟೆ. ಹದಿನೈದು ದಿನಕ್ಕೆ ತಿರುಗಿ ಬಂದರು. "ಚಾಳೀಸ ಹಾಕ್ಕೊಂಡ್ರ ಕೆಲಸ ಕೆಡತೈತಿ ತಂಗಿ" ಎಂದರು. ಮತ್ತೆ ಚೀಟಿ ಹಿಡಿದೆ, ನಂಬರು ಸರಿಯಾಗಿಯೇ ಇತ್ತು. "ರೂಢಿ ಆಕ್ಕೈತ್ರಿ" ಎಂದು ಕಳಿಸಿದೆ.

ಮೂರನೆಯ ಸಲ ಅವರು ನನ್ನ ಹತ್ತಿರ ಬರಲಿಲ್ಲ. ನೆಟ್ಟಗೆ ಡಾಕ್ಟರ್ ಹೊಸಮನಿಯವರ ಕೋಣೆಯ ಬಾಗಿಲಿಗೆ ಹೋಗಿ ನಿಂತರು. ಹೊಸಮನಿಯವರು ನಮ್ಮ ದವಾಖಾನೆಯ ದೊಡ್ಡ ಡಾಕ್ಟರು, ಕಡಿಮೆ ಮಾತು, ಬಹಳ ಶಿಸ್ತು. ನನ್ನನ್ನು ಕರೆಸಿದರು.

"ಇವ್ರು ಏನ ಉದ್ಯೋಗ ಮಾಡ್ತಾರ ಗಿರಿಜಾ?"

"ಗೊತ್ತಿಲ್ಲ ಸರ್."

"ಮೂರ ಸಲ ಬಂದಾರ. ಮೂರೂ ಸಲ ಗೊತ್ತಿಲ್ಲೇನು?"

ಶಾಂತವ್ವ ಬಳೆ ಇಡಿಸುವವರು. ಹಿಂದಿನ ದಿನ ಒಂದು ಮನೆಯಲ್ಲಿ ಕುಬಸದ ಶಾಸ್ತ್ರಕ್ಕೆ ಹೋದಾಗ ಬಸುರಿ ಹುಡುಗಿಯ ಕೈಗೆ ಬಳೆ ಏರಿಸುತ್ತಿರುವಾಗಲೇ ಒಡೆದು, ಗಾಜು ಮಣಿಕಟ್ಟಿಗೆ ಚುಚ್ಚಿ ರಕ್ತ ಬಂದಿತ್ತು. ಶುಭಕಾರ್ಯದಲ್ಲಿ ರಕ್ತ. ಮನೆಯವರು ಮುಖ ತಿರುಗಿಸಿದ್ದರು.

ಹೊಸಮನಿಯವರು ಬೈಯಲಿಲ್ಲ. "ಅಲ್ಲೇ ಕೂಡು, ಅವರ ಕಡೆ ಬಳಿ ಇಡಿಸ್ಕೋ" ಎಂದರು. ನಾನು ಕೈ ಚಾಚಿದೆ. ಶಾಂತವ್ವ ಗಂಟು ಬಿಚ್ಚಿ, ನನ್ನ ಬೆರಳ ಗೆಣ್ಣು ಒತ್ತಿ ನೋಡಿ, ಮೊಣಕೈ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಡಾಕ್ಟರು ಅಳತೆಯ ಟೇಪು ತಂದು ಶಾಂತವ್ವನ ಕಣ್ಣಿನಿಂದ ನನ್ನ ಮಣಿಕಟ್ಟಿನವರೆಗೆ ಹಿಡಿದರು. ಎರಡೂವರೆ ಗೇಣು.

"ನೋಡು, ನೀ ಪುಸ್ತಕ ಓದವರಿಗೆ ಕೊಡೂ ನಂಬರ ಕೊಟ್ಟೀ. ಇವ್ರು ಪುಸ್ತಕ ಓದೂದಿಲ್ಲ, ಮಂದಿ ಕೈ ಓದತಾರ. ಮೊದಲ ಉದ್ಯೋಗ ಕೇಳು, ಆಮ್ಯಾಲ ಅಕ್ಷರ ಓದಸು" ಎಂದು ಹೇಳಿ ಅವರು ವಾರ್ಡಿಗೆ ಹೋದರು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಶಾಂತವ್ವ ನನ್ನ ಕೈ ಬಿಡಲಿಲ್ಲ. ತಲೆ ಬಗ್ಗಿಸಿಯೇ ಮಾತಾಡತೊಡಗಿದರು.

"ನಾ ಈ ಊರಿನಾಕಿ ಅಲ್ಲ ತಂಗಿ. ನಮ್ಮೂರಾಗ ನನ್ನ ಗಂಡ ತೀರಿಕೊಂಡ. ಗಂಡ ಸತ್ತಾಕಿ ಕಡೆ ಬಸುರಿ ಹೆಣಮಕ್ಕಳು ಬಳಿ ಇಡಿಸ್ಕೋತಾರೇನು? ನನಗ ಬ್ಯಾರೆ ಕೆಲಸ ಬರೂದಿಲ್ಲ. ಇಲ್ಲಿಗೆ ಬಂದು, ಗಂಡ ದೂರದ ಊರಾಗ ದುಡೀತಾನ ಅಂತ ಹೇಳಿಕೊಂಡು ಇಪ್ಪತ್ತು ವರ್ಷ ಆತು. ನಿನ್ನೆ ಆ ಹುಡುಗಿ ಕೈಯಾಗ ರಕ್ತ ನೋಡಿದ ಕೂಡ್ಲೆ ಅನಿಸ್ತು, ನನ್ನ ಸುಳ್ಳು ಆ ಕೂಸಿಗೆ ತಟ್ಟಿತು ಅಂತ. ರಾತ್ರೆಲ್ಲ ಕಣ್ಣಿಗೆ ಕಣ್ಣು ಹತ್ತಲಿಲ್ಲ."

ಪೆನ್ನು ಹಿಡಿದು ನಾನು ಅಲಕ್ಷ್ಯದಿಂದ ಬರೆದ ಒಂದು ಅಂಕಿಯನ್ನು ಆಕೆ ತಮ್ಮ ಪಾಪವೆಂದು ಹೊತ್ತುಕೊಂಡಿದ್ದರು. "ನಿಮ್ಮ ಸುಳ್ಳು ಯಾರಿಗೂ ತಟ್ಟಿಲ್ರಿ ಶಾಂತವ್ವಾರ. ನಂಬರ ನಂದು ತಪ್ಪೈತಿ. ಖರೇ ಹೇಳ್ತೇನಿ, ತಪ್ಪು ನಂದು" ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಉಳಿದ ಬಳೆಗಳನ್ನೂ ಇಡಿಸಿ, ಸೆರಗಿನಿಂದ ನನ್ನ ಕೈ ಒರೆಸಿದರು.

ಅವತ್ತಿನಿಂದ ನಾನು ಕೇಳಲು ಕಲಿತೆ. ಮೊದಲು ಉದ್ಯೋಗಕ್ಕಾಗಿ ಕೇಳುತ್ತಿದ್ದೆ. ಬರಬರುತ್ತ, ಹನಿ ಹಾಕಿ ಬೆಂಚಿನ ಮೇಲೆ ಕೂಡಿಸಿದವರ ಪಕ್ಕದಲ್ಲಿ ಸುಮ್ಮನೆ ಹೋಗಿ ಕೂಡುವುದೇ ರೂಢಿಯಾಯಿತು. ಸ್ನೇಹಾ, ಶುರು ಮಾಡುವುದು ಹೇಗೆಂದು ಕೇಳಿದೆಯಲ್ಲ. ರೋಗದ ಮಾತು ತೆಗೆಯಬೇಡ. ಮಕ್ಕಳೆಷ್ಟು ಎಂದು ಕೇಳಬೇಡ. ನಾನು ಒಮ್ಮೆ ಹಾಗೆ ಕೇಳಿ, ಒಬ್ಬ ತಾಯಿ ಮಸುಕುಗಣ್ಣಿನಲ್ಲೇ ಎದ್ದು, ಗೋಡೆ ಹಿಡಿದುಕೊಂಡು ಬೆಂಚಿನ ಆ ತುದಿಗೆ ಹೋಗಿ ಕುಳಿತದ್ದನ್ನು ನೋಡಿದ್ದೇನೆ. ಯಾವ ಬಸ್ಸಿಗೆ ಬಂದಿರಿ, ಕೂಡಲು ಜಾಗ ಸಿಕ್ಕಿತೇ ಎಂದು ಕೇಳು. ಬಸ್ಸಿನಿಂದ ಊರಿಗೆ, ಊರಿನಿಂದ ಮನೆಗೆ ಅವರೇ ಕರೆದುಕೊಂಡು ಹೋಗುತ್ತಾರೆ. ಇನ್ನೊಂದು ನೇಮವನ್ನು ನನಗೆ ನಾನೇ ಹಾಕಿಕೊಂಡಿದ್ದೆ. ಒಬ್ಬರು ಬೆಂಚಿನ ಮೇಲೆ ಹೇಳಿದ ಮಾತು ಇನ್ನೊಬ್ಬರ ಕಿವಿಗೆ ಹೋಗಬಾರದು. ಅದನ್ನು ನಾನು ಎರಡು ಸಲ ಮುರಿದೆ. ಎರಡೂ ಸಲ ಒಂದೇ ಮನೆಯವರ ವಿಷಯದಲ್ಲಿ. ಅದನ್ನು ಹೇಳಬೇಕು, ಆದರೆ ಅದಕ್ಕೂ ಮೊದಲು ಚನ್ನಬಸಪ್ಪನವರ ಮಾತು.

ಚನ್ನಬಸಪ್ಪನವರು ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಶಿಸ್ತಿನ ಮನುಷ್ಯ, ಧೋತರದ ನೆರಿಗೆ ಒಂದೂ ಅತ್ತಿತ್ತ ಆಗುತ್ತಿರಲಿಲ್ಲ. ಒಂದು ಕಣ್ಣಿನ ಪೊರೆ ತೆಗೆಸಿಕೊಂಡು, ಎರಡನೆಯ ಕಣ್ಣಿಗೆಂದು ಒಂದೂವರೆ ತಿಂಗಳ ಮೇಲೆ ಬಂದಿದ್ದರು. ಹನಿ ಹಾಕಿ ಕೂಡಿಸಿದೆ. "ಹೆಂಗ ಕಾಣಾಕತ್ತೈತ್ರಿ ಕಾಕಾ?" ಎಂದು ಕೇಳಿದೆ. ಎಲ್ಲರೂ ಖುಷಿಯಾಗಿ ಉತ್ತರ ಕೊಡುವ ಪ್ರಶ್ನೆ ಅದು. ಅವರು ಧೋತರದ ಚುಂಗನ್ನು ಕೈಯಲ್ಲಿ ಹಿಡಿದುಕೊಂಡರು.

"ಭಾಳ ಬೆಳ್ಳಗ ಕಾಣಾಕತ್ತೈತ್ರಿ" ಎಂದರು.

ಮೂವತ್ತು ವರ್ಷದಿಂದ ಅವರ ಧೋತರ ಒಗೆಯುತ್ತಿದ್ದವರು ಯಲ್ಲಪ್ಪ ಎಂಬ ಮಡಿವಾಳರು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ಬಟ್ಟೆ ತಂದುಕೊಟ್ಟಾಗಲೆಲ್ಲ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಚಹಾ ಕುಡಿಯುವುದು ಪದ್ಧತಿ. ನಾಲ್ಕೈದು ವರ್ಷದಿಂದ ಧೋತರ ಹಳದಿ ಬರತೊಡಗಿತು. ಚನ್ನಬಸಪ್ಪನವರು ಮೊದಲು ಹೇಳಿದರು, ಆಮೇಲೆ ಬೈದರು. ಒಂದು ದಿನ ನಾಲ್ಕು ಮಂದಿಯ ಎದುರಿಗೆ ಧೋತರವನ್ನು ಯಲ್ಲಪ್ಪನವರ ಕಾಲ ಬುಡಕ್ಕೆ ಎಸೆದು, "ಕಣ್ಣು ಹೋಗ್ಯಾವೇನ ನಿನಗ?" ಎಂದರಂತೆ. ಯಲ್ಲಪ್ಪನವರು ಧೋತರ ಎತ್ತಿ, ಮಡಚಿ, ಕಟ್ಟೆಯ ಮೇಲಿಟ್ಟು ಹೋದರು. ತಿರುಗಿ ಬರಲಿಲ್ಲ.

"ಪಟ್ಟಿ ಬಿಚ್ಚಿದ ಮರುದಿನ ಟ್ರಂಕ್ ತಗದೆ ನೋಡ್ರಿ ಅಕ್ಕಾರ. ಅಂವಾ ಕಡೀಗೆ ಒಗದು ಕೊಟ್ಟ ಧೋತರ. ಹಾಲಿನ ಕೆನಿ ಹಂಗ ಇತ್ತು. ಹಳದಿ ಇದ್ದದ್ದು ನನ್ನ ಕಣ್ಣಾಗ." ಅವರು ಮಸುಕು ಕಣ್ಣನ್ನು ಗೋಡೆಯ ಕಡೆ ತಿರುಗಿಸಿದರು. "ಮನಿ ಹುಡುಕಿಕೊಂಡು ಹೋದೆ. ಮಗಳ ಊರಿಗೆ ಹೋಗ್ಯಾನಂತ. ಯಾವ ಊರು ಅಂತ ಓಣ್ಯಾಗ ಒಬ್ಬರಿಗೂ ಗೊತ್ತಿಲ್ಲ. ಮೂವತ್ತು ವರ್ಷ ಚಹಾ ಕುಡದೇನಿ ಅವನ ಕೂಡ, ಮಗಳನ್ನ ಎಲ್ಲಿಗೆ ಕೊಟ್ಟೀ ಅಂತ ಒಂದಿನ ಕೇಳಲಿಲ್ಲ."

ಮುಂದೆ ಹಲವು ವರ್ಷ ತಪಾಸಣೆಗೆ ಬಂದಾಗಲೆಲ್ಲ ನಾನು ಕೇಳುತ್ತಿದ್ದೆ, ಯಲ್ಲಪ್ಪನವರು ಸಿಕ್ಕರೇ ಎಂದು. ಸಿಗಲಿಲ್ಲ.

ಇನ್ನು ಈರಪ್ಪನವರ ಮಾತು. ಶಿರಗುಪ್ಪಿಯವರು. ಹದಿನೈದು ವರ್ಷ ಹುಬ್ಬಳ್ಳಿಯಿಂದ ಗದಗಿಗೆ ಖಾಸಗಿ ಬಸ್ಸು ನಡೆಸಿ, ಆಮೇಲೆ ಒಂದು ಶಾಲೆಯ ಬಸ್ಸಿಗೆ ಡ್ರೈವರಾಗಿದ್ದರು. ವರ್ಷಕ್ಕೊಮ್ಮೆ ಕಣ್ಣಿನ ಸರ್ಟಿಫಿಕೇಟಿಗೆ ನಮ್ಮಲ್ಲಿ ಬರುತ್ತಿದ್ದರು. ಅದಕ್ಕೆ ಹನಿ ಗಿನಿ ಬೇಕಿರಲಿಲ್ಲ. ಒಂದೊಂದೇ ಕಣ್ಣು ಮುಚ್ಚಿಸಿ ಹಲಗೆ ಓದಿಸಿ ನಾನು ಬರೆಯುತ್ತಿದ್ದೆ, ಅದರ ಮೇಲೆ ಡಾಕ್ಟರು ಸಹಿ ಹಾಕುತ್ತಿದ್ದರು. ಬಂದಾಗಲೆಲ್ಲ ನಗೆ, ಸುದ್ದಿ. ಕಡಲೆಯ ಕಾಲದಲ್ಲಿ ಬಂದರೆ ಹಸಿ ಕಡಲೆಗಿಡದ ಒಂದು ಕಟ್ಟು ತರುತ್ತಿದ್ದರು. ಬಸ್ಸಿನ ಯಾವ ಮಗು ಯಾವ ಸೀಟಿಗೆ ಹಟ ಮಾಡುತ್ತದೆ, ಯಾರು ಡಬ್ಬಿ ಮರೆಯುತ್ತಾರೆ, ಎಲ್ಲ ನನಗೆ ಬಾಯಿಪಾಠವಾಗುವಷ್ಟು ಹೇಳುತ್ತಿದ್ದರು.

ಒಂದು ಸಲ ಅವರು ಹೆಂಡತಿ ನೀಲವ್ವನನ್ನು ತೋರಿಸಲು ಕರೆತಂದರು. ಎರಡು ತಿಂಗಳ ಹಿಂದಷ್ಟೇ ಈರಪ್ಪನವರ ಸರ್ಟಿಫಿಕೇಟು ಆಗಿತ್ತು. ನೀಲವ್ವನ ಕಣ್ಣಿಗೆ ಹನಿ ಹಾಕಿ ಕೂಡಿಸಿ, ಈರಪ್ಪನವರ ಪಕ್ಕದಲ್ಲಿ ನಾನೂ ಕುಳಿತೆ. ಎದುರಿನ ಕೋಣೆಯಲ್ಲಿ ಯಾರೋ ತಡವರಿಸುತ್ತ ಹಲಗೆ ಓದುತ್ತಿದ್ದರು. ಈರಪ್ಪನವರು ನಕ್ಕರು.

"ಪಾಪ, ಅವರಿಗೆ ಭಾಳ ತ್ರಾಸ ಆಗಾಕತ್ತೈತಿ. ನನ್ನ ಕೇಳ್ರಿ ಅಕ್ಕಾರ, ನಿಮ್ಮ ಹಲಗಿ ಪೂರಾ ಬಾಯಿಪಾಠ ಐತಿ." ಹಲಗೆ ಕಾಣದ ಜಾಗದಲ್ಲಿ ಕುಳಿತಿದ್ದ ಅವರು ಮಗ್ಗಿ ಹೇಳುವ ಹುಡುಗರಂತೆ ಹೇಳತೊಡಗಿದರು. "ಮ್ಯಾಲ ರ. ಆಮ್ಯಾಲ ಗ, ಪ. ಅದರ ಕೆಳಗ ಸ, ಬ, ಟ." ಕಟ್ಟಕಡೆಯ ಸಾಲಿನವರೆಗೂ ಒಂದಕ್ಷರ ತಪ್ಪಲಿಲ್ಲ.

ನಾನೂ ನಕ್ಕೆ. ನಕ್ಕ ಮೇಲೆ ಹೊಳೆಯಿತು, ಬಾಯಿಪಾಠ ಇದ್ದರೆ ಓದಲು ಕಣ್ಣೇ ಬೇಕಿಲ್ಲ. ಪಕ್ಕದಲ್ಲಿ ನೀಲವ್ವ "ಸುಮ್ಮನಿರ್ರಿ" ಎಂದು ಮೆಲ್ಲಗೆ ಗದರಿದ್ದು ಕೇಳಿಸಿತು.

"ಈರಪ್ಪನವರ, ಎಡಗಣ್ಣ ಮುಚ್ಚಿಕೊಳ್ರಿ. ನನ್ನ ಕೈಯಾಗ ಎಷ್ಟು ಬೆರಳು ಹೇಳ್ರಿ" ಎಂದೆ.

ಅವರು ನಗುತ್ತಲೇ ಎಡಗಣ್ಣಿಗೆ ಅಂಗೈ ಒತ್ತಿಕೊಂಡು ನನ್ನತ್ತ ತಿರುಗಿದರು. "ಮೂರು."

ನಾನು ಕೈಯನ್ನೇ ಎತ್ತಿರಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುವ ಆಸೆ ನನಗೆ, ಆದರೆ ಅದು ಸರಿಯಲ್ಲ. ಬಲಗಣ್ಣು ಯಾವಾಗಿನಿಂದ ಮಂಕಾಗಿದೆ ಎಂದು ಕೇಳಿದೆ. ಮೂರು ವರ್ಷವಾಯಿತು ಎಂದರು. ಸ್ನೇಹಿತೆಯೊಬ್ಬಳಿಗೆ ಹೇಳುವಂತೆ ಹೇಳಿದರು. "ಒಂದ ಕಣ್ಣು ಸಾಕ್ರಿ ಅಕ್ಕಾರ, ರಸ್ತೆ ನನ್ನ ಕೈಯಾಗ ಐತಿ. ಒಂದ ಕೂಸಿಗೂ ಗೀರು ಹತ್ತಿಲ್ಲ." ಅಂದರೆ ಮೂರು ಸಲ ಅವರು ನನ್ನ ಎದುರಿಗೆ ಕುಳಿತು ಕಾಣದ ಕಣ್ಣಿನಿಂದ ಹಲಗೆ ಒಪ್ಪಿಸಿದ್ದರು, ಮೂರು ಸಲ ನಾನು ಸರಿಯಿದೆ ಎಂದು ಬರೆದಿದ್ದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಂಚಿನ ಮಾತು ಬೆಂಚಿನಲ್ಲೇ ಉಳಿಯಬೇಕೆಂಬ ನೇಮ ನನ್ನದೇ. ಆದರೆ ಆ ಬಸ್ಸಿನ ಒಂದೊಂದು ಮಗುವೂ ನನಗೆ ಗೊತ್ತಿತ್ತು. ಡಬ್ಬಿ ಮರೆಯುವವಳು, ಕಿಡಕಿಯ ಸೀಟಿಗೆ ಹಟ ಮಾಡುವವನು. ಗೊತ್ತು ಮಾಡಿಸಿದವರು ಅವರೇ.

ಎದ್ದು ಹೊಸಮನಿಯವರ ಕೋಣೆಗೆ ಹೋಗಿ ಎಲ್ಲ ಹೇಳಿದೆ.

ಅವರು ಈರಪ್ಪನವರನ್ನು ಕರೆಸಿ ಪರೀಕ್ಷೆ ಮಾಡಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿಸುವ ರೋಗ. ನೋವಿಲ್ಲ, ಕೆಂಪಿಲ್ಲ, ಕಳ್ಳನಂತೆ ಬರುತ್ತದೆ. ಬಲಗಣ್ಣು ಹೋದದ್ದು ಹೋಯಿತು, ಎಡಗಣ್ಣಿಗೂ ಶುರುವಾಗಿತ್ತು. ದಿನಾ ಎರಡು ಹೊತ್ತು ಹನಿ ಹಾಕಿದರೆ ಅದನ್ನು ಉಳಿಸಬಹುದು. ಬಸ್ಸು ಮಾತ್ರ ಸಾಧ್ಯವಿಲ್ಲ ಎಂದು ಹೇಳಿ, ಶಾಲೆಗೆ ಪತ್ರ ಬರೆದರು. ಈರಪ್ಪನವರು ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿ, "ಒಂದ ಹಲಗಿ ಎಷ್ಟ ವರ್ಷದಿಂದ ಗೋಡಿ ಮ್ಯಾಲ ಐತಿ? ನೀ ಬದಲಿಸಲಿಲ್ಲ, ನಾ ಕೇಳಲಿಲ್ಲ. ತಪ್ಪು ಇಬ್ಬರದೂ ಐತಿ" ಎಂದರು. ಮರುದಿನವೇ ನಾಲ್ಕು ಬೇರೆ ಬೇರೆ ಹಲಗೆ ತರಿಸಿದರು. ಆಮೇಲೆ ನಾನು ಯಾರಿಗೂ ಮೇಲಿನಿಂದ ಕೆಳಕ್ಕೆ ಓದಿಸಲಿಲ್ಲ. ನಡುವಿನಿಂದ, ತಿರುವು ಮುರುವು, ಮನಸ್ಸಿಗೆ ಬಂದ ಅಕ್ಷರಕ್ಕೆ ಕೋಲು ಇಟ್ಟು ಕೇಳುತ್ತಿದ್ದೆ.

ಹೊರಗೆ ಈರಪ್ಪನವರು ನೀಲವ್ವನ ಕೈ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ನಾನು ಹತ್ತಿರ ಹೋದೆ.

"ಮಾತಾಡಿಸಿ ಮಾತಾಡಿಸಿ ನನ್ನ ಉದ್ಯೋಗ ತಗೊಂಡ್ರಿ" ಎಂದರು. ಸಿಟ್ಟಿನ ದನಿಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಬಹಳ ಸಣ್ಣ ದನಿಯಲ್ಲಿ ಹೇಳಿದರು. "ನಾ ನಿಮ್ಮನ್ನ ನಮ್ಮ ಮನ್ಯಾಕಿ ಅಂತ ತಿಳಿದಿದ್ದೆ."

ಔಷಧದ ಚೀಟಿ ಮೆಟ್ಟಿಲ ಮೇಲೆಯೇ ಬಿದ್ದಿತ್ತು.

ಮೂರು ವಾರ ಕಾದೆ. ಅವರು ಬರಲಿಲ್ಲ. ಹನಿ ಹಾಕದೆ ಕಳೆದ ಒಂದೊಂದು ದಿನವೂ ಎಡಗಣ್ಣಿಗೆ ಕೆಡುಕೆಂದು ನನಗೆ ಗೊತ್ತಿತ್ತು. ಒಂದು ರವಿವಾರ ಔಷಧದ ಶೀಸೆ ತೆಗೆದುಕೊಂಡು ಶಿರಗುಪ್ಪಿಯ ಬಸ್ಸು ಹತ್ತಿದೆ. ಈರಪ್ಪನವರು ಕಟ್ಟೆಯ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಎದ್ದು ಒಳಗೆ ಹೋದರು. ನೀಲವ್ವ ಹೊರಗೆ ಬಂದು, ಒಂದು ತಂಬಿಗೆ ನೀರು, ಒಂದು ಹರಳು ಬೆಲ್ಲ ಕೊಟ್ಟರು. ಏನೇ ಆದರೂ ಬಂದವರಿಗೆ ನೀರು ಕೊಡದೆ ಇರುವವರಲ್ಲ.

"ಅವರು ನಿಮ್ಮ ಕೂಡ ಮಾತಾಡೂದಿಲ್ರಿ" ಎಂದರು.

"ಬ್ಯಾಡ್ರಿ. ನೀವು ಹನಿ ಹಾಕೂದ ಕಲೀರಿ, ಸಾಕು."

ಆ ಕಟ್ಟೆಯ ಮೇಲೆಯೇ ನಾನು ಮಲಗಿದೆ. ಒಂದು ಖಾಲಿ ಶೀಸೆಯಲ್ಲಿ ಕಾಯಿಸಿ ಆರಿಸಿದ ನೀರು ತುಂಬಿ ಕೊಟ್ಟು, ನನ್ನ ಕಣ್ಣಿಗೇ ಹಾಕಿ ನೋಡಿರಿ ಎಂದೆ. ಕೆಳರೆಪ್ಪೆ ಎಳೆಯಬೇಕು, ಒಂದೇ ಹನಿ, ಆಮೇಲೆ ಮೂಗಿನ ಬದಿಯ ಮೂಲೆಯನ್ನು ಒತ್ತಿ ಹಿಡಿಯಬೇಕು. ಎರಡು ಹನಿ ನನ್ನ ಕೆನ್ನೆಗೆ ಬಿದ್ದವು, ಮೂರನೆಯದು ಸರಿಯಾಗಿ ಬಿತ್ತು. "ದಿನಾ ಮುಂಜಾನಿ ಒಂದು, ಸಂಜಿಗೊಂದು. ಒಂದ ದಿನಾನೂ ತಪ್ಪಬಾರದು" ಎಂದೆ.

ಎಂಟು ವರ್ಷ ನೀಲವ್ವ ತಿಂಗಳು ತಪ್ಪದೆ ಔಷಧಕ್ಕೆ ಬಂದರು. ವರ್ಷಕ್ಕೆರಡು ಸಲ ತಪಾಸಣೆಗೆ ಈರಪ್ಪನವರೂ ಬರುತ್ತಿದ್ದರು. ಆದರೆ ನನ್ನ ಕೋಣೆಗೆ ಕಾಲಿಡುತ್ತಿರಲಿಲ್ಲ, ಬೇರೆ ಸಹಾಯಕರ ಹತ್ತಿರ ಹೋಗುತ್ತಿದ್ದರು. ನಾನು ಬಾಗಿಲ ಸಂದಿಯಿಂದ ಅವರ ಬೆನ್ನು ನೋಡುತ್ತಿದ್ದೆ. ಒಂದು ಸಲವಾದರೂ ತಿರುಗಿ, "ಏನ್ರಿ ಅಕ್ಕಾರ" ಎಂದಾರೆಂದು. ಕಡಲೆಗಿಡದ ಕಾಲ ಬಂದಾಗಲೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಮಾರಲು ಕುಳಿತವರನ್ನು ನೋಡಿ, ಒಂದು ಕಟ್ಟೂ ಕೊಳ್ಳದೆ ಮುಂದೆ ಹೋಗುತ್ತಿದ್ದೆ.

ನೀಲವ್ವ ಮಾತ್ರ ಬೆಂಚಿನ ಮೇಲೆ ಕುಳಿತು, ಬಸ್ಸಿನ ಹೊತ್ತಾಗುವವರೆಗೆ ಮಾತಾಡುತ್ತಿದ್ದರು. ಮೊದಲ ವರ್ಷ ಹೌದು, ಇಲ್ಲ, ಇಷ್ಟೇ. ಆಮೇಲೆ ನಿಧಾನಕ್ಕೆ ತೌರಿನ ಮಾತು, ಬಾವಿಯಲ್ಲಿ ಈಜು ಕಲಿತದ್ದು, ಮದುವೆಯಾಗಿ ಬಂದದ್ದು. ಅವರು ಹೇಳಿದ ಎಷ್ಟೋ ಮಾತನ್ನು ನಾನು ಮನೆಗೆ ಹೋಗುವಾಗ ಧಾರವಾಡದ ಬಸ್ಸಿನಲ್ಲಿ ಕುಳಿತು ಮತ್ತೆ ನೆನಪಿಸಿಕೊಳ್ಳುತ್ತಿದ್ದೆ.

ಆ ವರ್ಷಗಳಲ್ಲೇ ನಮ್ಮ ದವಾಖಾನೆಯೂ ಬದಲಾಯಿತು. ಹೊಸಮನಿಯವರು ನಿವೃತ್ತರಾದರು. ಗದ್ದ ಇಟ್ಟರೆ ಸಾಕು, ಕ್ಷಣದಲ್ಲಿ ನಂಬರು ಬರೆದುಕೊಡುವ ಯಂತ್ರ ಬಂತು. ಯಂತ್ರ ಛಲೋನೇ. ಅದಕ್ಕೆ ಅಲಕ್ಷ್ಯವಿಲ್ಲ, ನನ್ನ ಹಾಗೆ ದಣಿವಿಲ್ಲ. ಟೋಕನ್ ಬಂತು, ಹೆಸರು ಕರೆಯುವುದು ಹೋಗಿ ಸಂಖ್ಯೆ ಕೂಗುವುದು ಬಂತು. ಉದ್ದನೆಯ ಬೆಂಚಿನ ಜಾಗಕ್ಕೆ ಉಕ್ಕಿನ ಕುರ್ಚಿಗಳ ಸಾಲು, ಎದುರಿಗೆ ಟಿವಿ. ಹನಿ ಹಾಕಿಸಿಕೊಂಡವರಿಗೆ ಟಿವಿ ಚುಚ್ಚುತ್ತದೆ ಎಂದು ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ. ಕಣ್ಣು ಮಸುಕಾದರೂ ಕಿವಿಗೆ ಫೋನಿನ ವೈರು ಸಿಕ್ಕಿಸಿಕೊಂಡು ಮಂದಿ ಅರ್ಧ ತಾಸು ಕಳೆಯುವುದು ಕಲಿತರು. ನನ್ನ ಕೋಣೆಯ ಹೊರಗಿನ ಒಂದು ಮೊಂಡು ಬೆಂಚನ್ನು ಮಾತ್ರ ಹಟ ಹಿಡಿದು ಉಳಿಸಿಕೊಂಡಿದ್ದೆ.

ಈಗ ಮನೆಯಲ್ಲಿ ಮುಂಜಾನೆ ಹನ್ನೊಂದಾಯಿತೆಂದರೆ ನನಗೆ ತಳಮಳ. ಅದು ಬೆಂಚು ತುಂಬುವ ಹೊತ್ತು. ಕೆಲವೊಮ್ಮೆ ಕೆಲಸವಿಲ್ಲದೆಯೂ ಹುಬ್ಬಳ್ಳಿಯ ಬಸ್ಸು ಹತ್ತುತ್ತೇನೆ, ಪಕ್ಕದವರನ್ನು ಯಾವೂರ್ರಿ ಎಂದು ಕೇಳಲು. ಒಬ್ಬ ಹುಡುಗಿ ಕಿವಿಯಿಂದ ವೈರು ತೆಗೆದು, "ಏನ್ ಬೇಕಾಗಿತ್ತ್ರಿ ಆಂಟಿ?" ಎಂದಳು. ಏನೂ ಬೇಡವ್ವ ಎಂದೆ. ನನಗೆ ಬೇಕಾದದ್ದನ್ನು ಅಷ್ಟು ಬೇಗ ಹೇಳುವುದು ಹೇಗೆ?

ನಾನು ನಿವೃತ್ತಳಾಗುವ ಹಿಂದಿನ ವರ್ಷ ಒಂದು ತಿಂಗಳು ನೀಲವ್ವ ಬರಲಿಲ್ಲ. ಎರಡನೆಯ ತಿಂಗಳೂ ಬರಲಿಲ್ಲ. ಶಿರಗುಪ್ಪಿಗೆ ಹೋಗಿ ನೋಡಬೇಕು ಎಂದುಕೊಳ್ಳುತ್ತಿರುವಾಗಲೇ ಮೂರನೆಯ ತಿಂಗಳು ಈರಪ್ಪನವರು ಒಬ್ಬರೇ ಬಂದರು. ನೆಟ್ಟಗೆ ನನ್ನ ಕೋಣೆಗೆ ಬಂದರು. ಕೈಯಲ್ಲಿ ಖಾಲಿ ಶೀಸೆ. ಮುಖ ಇಳಿದಿತ್ತು.

"ಅಕಿ ಹೋದಳ್ರಿ" ಎಂದರು. "ಎದಿ ನೋವು ಅಂದ್ಲು, ದವಾಖಾನಿ ಮುಟ್ಟೂದ್ರೊಳಗ ಮುಗೀತು. ಈ ಹನಿ ನನಗ ಹಾಕ್ಕೋಳಾಕ ಬರೂದಿಲ್ರಿ. ಎಲ್ಲಾ ಗಲ್ಲದ ಮ್ಯಾಲ ಬೀಳ್ತಾವು."

ಎಂಟು ವರ್ಷದ ಮೇಲೆ ನನ್ನ ಕೂಡ ಅವರಾಡಿದ ಮೊದಲ ಮಾತು ಅದು. ನಾನು ಅವರ ಕೈಯಿಂದ ಶೀಸೆ ತೆಗೆದುಕೊಂಡೆ. ಒತ್ತಡ ಅಳೆದೆ. ಎರಡು ತಿಂಗಳು ಔಷಧ ತಪ್ಪಿದ್ದರಿಂದ ಏರಿತ್ತು, ಆದರೆ ದೃಷ್ಟಿ ಕೈಬಿಟ್ಟಿರಲಿಲ್ಲ. ನರ ನೋಡಬೇಕೆಂದು ಹೊಸ ಡಾಕ್ಟರು ಪಾಪೆ ಅಗಲ ಮಾಡಲು ಹೇಳಿದರು. ಹನಿ ಹಾಕಿ ಬೆಂಚಿನ ಮೇಲೆ ಕೂಡಿಸಿ, ನಾನೂ ಪಕ್ಕದಲ್ಲಿ ಕುಳಿತೆ.

ಅವರು ಅಂಗೈಯಿಂದ ಬೆಂಚಿನ ಹಲಗೆಯನ್ನು ಸವರಿದರು.

"ಇಲ್ಲೇ ಕುಂದರ್ತಿದ್ಲೇನ್ರಿ ಅಕಿ?"

"ಇಲ್ಲೇ."

"ಏನ ಮಾತಾಡ್ತಿದ್ಲ್ರಿ? ಮನ್ಯಾಗ ನಾ ಕೇಳಿದ್ರ, ಏನಿಲ್ಲ, ಸುಮ್ಮ ಕುಂತು ಬಂದೆ ಅಂತಿದ್ಲು. ನನಗ ಹೇಳ್ರಿ ಅಕ್ಕಾರ. ಏನ ಇದ್ದ್ರೂ ಹೇಳ್ರಿ. ಮನ್ಯಾಗ ಅಕಿ ದನಿ ಇಲ್ರಿ ಈಗ."

ನನ್ನ ನೇಮ ಎರಡನೆಯ ಸಲ ಮುರಿದದ್ದು ಆಗ. ನೀಲವ್ವ ಹೇಳಿದ್ದನ್ನು, ನೆನಪಿದ್ದಷ್ಟನ್ನೂ ಹೇಳಿದೆ. ಬಾವಿಯ ಮಾತು ಹೇಳಿದೆ. ಅವರು ಉದ್ಯೋಗ ಕಳೆದುಕೊಂಡ ಮರುವರ್ಷ ನೀಲವ್ವ ಹೇಳಿದ ಮಾತನ್ನೂ ಹೇಳಿದೆ: "ಕೆಲಸ ಹೋದದ್ದು ಕೆಟ್ಟಾತು ಖರೇ ಅಕ್ಕಾರ. ಆದ್ರ ಹನಿ ಹಾಕೂ ನೆವದಾಗ ದಿನಾ ಎರಡ ಹೊತ್ತು ನನ್ನ ತೊಡಿ ಮ್ಯಾಲ ತಲಿ ಇಡತಾರ್ರಿ. ಹಂಗ ಮಕ್ಕೊಂಡಾಗ ಏನರೆ ಒಂದ ಮಾತು ಆಡ್ತಾರ. ಇಷ್ಟ ವರ್ಷ ಮನಿಗೆ ಬಂದ್ರ ಉಂಡು ಮಲಗೂದೊಂದ ಇತ್ತು."

ಈರಪ್ಪನವರು ಕತ್ತು ಬಗ್ಗಿಸಿ ಕೇಳಿದರು. "ಮತ್ತೇನ್ರಿ?"

"ನಿಮ್ಮ ಬಸ್ಸ ಹತ್ತಿದ್ದು ಹೇಳ್ಯಾರೇನು ನಿಮಗ?"

"ನನ್ನ ಬಸ್ಸ? ಅಕಿ ಎಂದೂ ನನ್ನ ಬಸ್ಸ ಹತ್ತಿಲ್ರಿ."

ಹತ್ತಿದ್ದರು. ಮದುವೆಯಾದ ಎರಡನೆಯ ವರ್ಷ. ಗಂಡ ಮನೆಯಲ್ಲಿ ಮಾತೇ ಆಡುವುದಿಲ್ಲ, ಹೊರಗೆ ಹೇಗಿರುತ್ತಾರೆ ನೋಡೋಣವೆಂದು, ಯಾರಿಗೂ ಹೇಳದೆ ಹುಬ್ಬಳ್ಳಿಗೆ ಬಂದು, ಮುಖ ತುಂಬ ಸೆರಗು ಹೊದ್ದು ಅವರ ಬಸ್ಸಿನಲ್ಲಿ ಗದಗಿಗೆ ಹೋಗಿ ಅದೇ ಬಸ್ಸಿನಲ್ಲಿ ತಿರುಗಿ ಬಂದಿದ್ದರು. ದಾರಿಯುದ್ದಕ್ಕೂ ಈರಪ್ಪನವರು ಹತ್ತುವವರನ್ನೆಲ್ಲ ಮಾತಾಡಿಸುತ್ತಿದ್ದರಂತೆ, ಮುದುಕಿಯರ ಗಂಟು ಎತ್ತಿಡುತ್ತಿದ್ದರಂತೆ, ಗಟ್ಟಿಯಾಗಿ ನಗುತ್ತಿದ್ದರಂತೆ. "ಅವರು ನಗೂದು ಅವತ್ತ ಮೊದಲ ಸಲ ನೋಡಿದೆ ಅಕ್ಕಾರ" ಎಂದು ನೀಲವ್ವ ನನಗೆ ಹೇಳಿದ್ದರು. "ಎಷ್ಟ ಛಂದ ಕಾಣತಿದ್ರು. ಸೆರಗ ತಗದು ಎದ್ದು ನಿಲ್ಲಬೇಕು ಅನಿಸ್ತು. ಧೈರ್ಯ ಆಗಲಿಲ್ಲ."

ಈರಪ್ಪನವರು ಅಂಗೈಯಿಂದ ಕೆನ್ನೆ ಒರೆಸಿಕೊಂಡರು. ಕಣ್ಣಿನ ನೀರಿನಲ್ಲಿ ನಾನು ಹಾಕಿದ ಹನಿ ಎಷ್ಟು, ಅವರದೆಷ್ಟು ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಕೇಳಿದರು.

"ಯಾವ ಸೀಟಿನ್ಯಾಗ ಕುಂತಿದ್ಲಂತ್ರಿ?"

"ಕಡೀ ಸಾಲು, ಕಿಡಕಿ ಪಕ್ಕ ಅಂದಿದ್ರು."

ಅವರು ಅಗಲವಾದ ಪಾಪೆಯ ಕಣ್ಣೆತ್ತಿ ಎದುರಿಗೆ ನೋಡಿದರು. ಅಲ್ಲಿ ಅವರಿಗೆ ಮಬ್ಬು ಬೆಳಕಲ್ಲದೆ ಬೇರೇನೂ ಕಾಣುವಂತಿರಲಿಲ್ಲ.

"ಡ್ರೈವರ ತಲಿ ಮ್ಯಾಲ ಒಂದ ಕನ್ನಡಿ ಇರತೈತ್ರಿ. ಕಡೀ ಸಾಲು ಪೂರಾ ಕಾಣತೈತಿ ಅದರಾಗ. ಗದಗ ಮುಟ್ಟಿ ಬರೂತನಕ ನೂರ ಸಲ ನೋಡಿರಬೇಕು ನಾ." ಬೆಂಚಿನ ಹಲಗೆಯನ್ನು ಮತ್ತೊಮ್ಮೆ ಸವರಿದರು. "ಆವಾಗ ನನ್ನ ಎರಡೂ ಕಣ್ಣು ಛಲೋ ಇದ್ದುವ್ರಿ ಅಕ್ಕಾರ."